ಹನ್ನೊಂದು ಹತ್ತು ಅಂದರೆ ಎಷ್ಟು ಗಂಟೆ

ಆನೆ ಕಂಡರೆ ಸುತ್ತಲಿನವರಿಗೆಲ್ಲ ಫೋನು ಮಾಡುವ ವ್ಯವಸ್ಥೆಯೊಂದು ನಮ್ಮ ಕಡೆ, ಹಾಸನ ಜಿಲ್ಲೆಯ ಕಾಫಿ ತೋಟಗಳ ನಡುವೆ, ಇದೆ. ಬೆಳೆಗಾರರೇ ಸೇರಿ ಮಾಡಿಕೊಂಡ ಸಣ್ಣ ಸಂಘವೊಂದು ಅದನ್ನು ನಡೆಸುತ್ತದೆ. ಬೆಳಗೋಡಿನ ಆಚೆ ಮೂರು ಕಡೆ, ಕೆ. ಹೊಸಕೋಟೆ ಮತ್ತು ಕುಂದೂರಿನ ಕಡೆಗೆ ಎರಡೆರಡು ಕಡೆ ಕಾವಲಿನವರಿದ್ದಾರೆ. ಅವರ ಫೋನಿನಲ್ಲಿ ಒಂದು ಕೆಂಪು ಗುಂಡಿ. ಆನೆ ಕಂಡೊಡನೆ ಅದನ್ನು ಒತ್ತಿದರೆ, ಆ ಕಾವಲಿಗೆ ಸೇರಿದ ಪಟ್ಟಿಯಲ್ಲಿ ಯಾರ ಯಾರ ನಂಬರು ಇದೆಯೋ ಅವರಿಗೆಲ್ಲ ಒಟ್ಟಿಗೆ ಕರೆ ಹೋಗುತ್ತದೆ, ಸಿಗ್ನಲ್ ಸಿಗದವರಿಗೆ ಸಿಗುವವರೆಗೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿ, ಎಷ್ಟು ಆನೆ, ಎಷ್ಟು ಗಂಟೆಗೆ ಕಂಡಿತು ಎಂದು ಒಂದು ಹೆಣ್ಣು ದನಿ ಎರಡು ಸಲ ಹೇಳಿ ನಿಲ್ಲುತ್ತದೆ. ಆ ದನಿ ನನ್ನದು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ಒಮ್ಮೆ ತಿರುಗಿ ನೋಡುವುದುಂಟು.

ದನಿ ಕೊಟ್ಟದ್ದು ಕೊನೆಯ ಕೆಲಸ. ಮೊದಲ ಕೆಲಸ ಆ ವ್ಯವಸ್ಥೆಯ ಸೆಟ್ಟಿಂಗ್ಸ್ ಫೈಲನ್ನು ಬರೆಯುವುದು. ಯಾವ ಕಾವಲು ಎಲ್ಲಿದೆ, ಅದಕ್ಕೆ ಯಾರ ನಂಬರು ಸೇರಿದೆ, ಎಷ್ಟು ಹೊತ್ತಿನ ಮೇಲೆ ಸುದ್ದಿ ಹಳಸಿತು ಎಂದು ಬಿಡಬೇಕು, ಯಾವ ಹೊತ್ತಿನಲ್ಲಿ ಕರೆ ಮಾಡಬಾರದು, ಇವೆಲ್ಲ ಅದರಲ್ಲಿ ಸಾಲು ಸಾಲಾಗಿ ಇರುತ್ತವೆ. ಪ್ರೋಗ್ರಾಮು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಪ್ರತಿ ಸಲವೂ ಆ ಫೈಲನ್ನು ಓದಿ ಅದರಲ್ಲಿದ್ದಂತೆ ನಡೆಯುತ್ತದೆ.

ನಾನು ಎಂಜಿನಿಯರಿಂಗ್ ಓದಿದವಳಲ್ಲ. ಆಲೂರಿನ ಬಸ್ ನಿಲ್ದಾಣದ ಎದುರು ಹನ್ನೊಂದು ವರ್ಷ ಕಂಪ್ಯೂಟರ್ ಅಂಗಡಿ ಇಟ್ಟಿದ್ದೆ. ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಅರ್ಜಿ ತುಂಬುವುದು, ಮದುವೆಯ ಕರೆಯೋಲೆ ಟೈಪ್ ಮಾಡುವುದು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಹಾಸನದ ಸಣ್ಣ ಕಂಪನಿಯೊಂದು ತೋಟದ ಪಂಪುಗಳನ್ನು ಫೋನಿನಿಂದ ನಡೆಸುವ ಪೆಟ್ಟಿಗೆ ಮಾಡುತ್ತಿತ್ತು. ಅದರ ಅರ್ಜಿಯೊಂದನ್ನು ತುಂಬಿಕೊಡಲು ಹೋಗಿ, ಅವರ ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ಒಂದು ತಪ್ಪು ತೋರಿಸಿದೆ. ಸಂಜೆ ಐದೂವರೆಗೆ ಪಂಪ್ ಶುರುವಾಗಲಿ ಎಂದು ಅವರು ಬರೆದ 17:30, ಸುತ್ತ ಉದ್ಧರಣ ಚಿಹ್ನೆಯಿಲ್ಲದ ಕಾರಣ, ಹದಿನೇಳನ್ನು ಅರುವತ್ತರಿಂದ ಗುಣಿಸಿ ಮೂವತ್ತು ಕೂಡಿಸಿದ ಸಂಖ್ಯೆಯಾಗಿ, ಅಂದರೆ ಸಾವಿರದ ಐವತ್ತು ಎಂದು ಓದಿಸಿಕೊಳ್ಳುತ್ತಿತ್ತು. ಪಂಪ್ ಶುರುವಾಗುತ್ತಲೇ ಇರಲಿಲ್ಲ. ಅದನ್ನು ಹಿಡಿದುಕೊಟ್ಟದ್ದಕ್ಕೆ ಕೆಲಸ ಸಿಕ್ಕಿತು. ಅಂಗಡಿಯನ್ನು ತಂಗಿಗೆ ಬಿಟ್ಟು ಕೆ. ಹೊಸಕೋಟೆಯ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದೆ. ವೇಳೆಯನ್ನು ಬರೆಯುವ ವಿಷಯದಲ್ಲಿ ನಾನು ಹುಷಾರಿ ಎಂಬ ಭಾವನೆ ಹಾಗಾಗಿ ನನ್ನಲ್ಲಿ ಮೊದಲಿನಿಂದಲೂ ಇತ್ತು.

ಆನೆಯ ಕರೆಗಳ ಕೆಲಸವನ್ನು ಸಂಘ ಕಂಪನಿಗೆ ಕೊಟ್ಟಾಗ, ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದರವರೆಗೆ ಕರೆ ಬೇಡ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಆ ಹೊತ್ತಿನಲ್ಲಿ ಯಾರೂ ದಾರಿಯಲ್ಲಿರುವುದಿಲ್ಲ, ಸುಮ್ಮನೆ ನಿದ್ದೆ ಕೆಡುತ್ತದೆ ಎಂಬುದು ಅವರ ಮಾತು. ನಾನು ಫೈಲಿನಲ್ಲಿ ಮೌನದ ಹೊತ್ತು ಎಂಬ ಸಾಲಿನ ಮುಂದೆ 21:30 ಮತ್ತು 05:00 ಎಂದು ಬರೆದೆ. ಉದ್ಧರಣ ಚಿಹ್ನೆಯನ್ನು ಮರೆಯದೆ ಹಾಕಿದೆ. ಎಲ್ಲಿಯ ಒಂಬತ್ತೂವರೆ ಎಂದು ಬರೆಯಲಿಲ್ಲ. ನಾನು ಕೂತಿದ್ದ ಕಡೆ ಇನ್ನೊಂದು ಒಂಬತ್ತೂವರೆ ಇರಲಿಲ್ಲ.

ಶುರುವಾದ ವಾರದಲ್ಲೇ ದೂರು ಬಂತು. ರಾತ್ರಿ ಮಲಗಿದವರನ್ನೆಲ್ಲ ಫೋನು ಎಬ್ಬಿಸುತ್ತಿದೆ ಎಂದು. ಸಂಘದ ಅಧ್ಯಕ್ಷರೇ ಫೋನು ಮಾಡಿದರು. ಎಪ್ಪತ್ತು ದಾಟಿದವರು, ಬೆಳಗೋಡಿನ ಕಡೆ ತೋಟ, ಯಾರೊಂದಿಗೂ ದನಿ ಏರಿಸಿ ಮಾತಾಡುವವರಲ್ಲ.

"ನಮ್ಮನೇಲಿ ಮೊಮ್ಮಗು ಎದ್ದು ಕೂತ್ಬುಟ್ಟಿತ್ತು ಕಣಮ್ಮ ನಿನ್ನ ದನಿ ಕೇಳಿ. ಅದೊಂಚೂರು ನೋಡು."

ನೋಡಿದೆ. ಕಂಪನಿ ಬಾಡಿಗೆಗೆ ಹಿಡಿದಿದ್ದ ಸರ್ವರ್, ಎಂದರೆ ನಮ್ಮ ಪ್ರೋಗ್ರಾಮ್ ಓಡುವ ದೂರದ ಕಂಪ್ಯೂಟರು, ವಿಶ್ವ ಸಮಯದಲ್ಲಿ ನಡೆಯುತ್ತಿತ್ತು. ಇಂಗ್ಲೆಂಡಿನ ಗ್ರೀನಿಚ್ಚಿನ ಲೆಕ್ಕದ ಸಮಯ ಅದು, ನಮಗಿಂತ ಐದೂವರೆ ಗಂಟೆ ಹಿಂದೆ. ನನ್ನ ಒಂಬತ್ತೂವರೆಯನ್ನು ಅದು ಅಲ್ಲಿಯ ಒಂಬತ್ತೂವರೆ ಎಂದುಕೊಂಡಿತ್ತು. ಆಗ ಮಾಡಬೇಕಾದ್ದು ಏನೆಂದು ನನಗೆ ಗೊತ್ತಿತ್ತು. ಪ್ರತಿ ವೇಳೆಯ ಜೊತೆ ಅದು ಯಾವ ದೇಶದ ವೇಳೆ ಎಂದೂ ಬರೆದು, ಪ್ರೋಗ್ರಾಮ್ ಅದನ್ನು ಓದುವಂತೆ ಮಾಡಬೇಕು. ಅದಕ್ಕೆ ಒಂದು ದಿನ ಬೇಕಿತ್ತು. ಅವತ್ತು ಮನೆಯಲ್ಲಿ ಮೆಣಸಿನಕಾಯಿ ಬಿಡಿಸಲು ಆಳು ಬಂದಿದ್ದರು, ಒಲೆಯ ಮೇಲೆ ಅವರ ಊಟಕ್ಕೆ ಮುದ್ದೆಯ ಎಸರು ಕುದಿಯುತ್ತಿತ್ತು. ಎರಡೂ ವೇಳೆಯಿಂದ ಐದೂವರೆ ಗಂಟೆ ಕಳೆದು, 16:00 ಮತ್ತು 23:30 ಎಂದು ತಿದ್ದಿದೆ. ಎರಡು ನಿಮಿಷದ ಕೆಲಸ. ರಾತ್ರಿಯ ಕರೆ ನಿಂತಿತು. ಅಧ್ಯಕ್ಷರು ಫೋನು ಮಾಡಿ ಒಳ್ಳೆಯದಾಯಿತು ಎಂದರು.

ಈ ಅಂಕಿಗಳು ವಿಶ್ವ ಸಮಯದವು ಎಂದು ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿಯನ್ನಾದರೂ ನಾನು ಬರೆಯಬಹುದಿತ್ತು. ಬರೆಯಲಿಲ್ಲ.

ಮುಂದಿನ ವರ್ಷ, ರೋಬಸ್ಟಾ ಕಾಫಿಯ ಕುಯ್ಲಿನ ಕಾಲ. ಬೆಳಗೋಡಿನ ಆಚೆಯ ಒಂದು ಎಸ್ಟೇಟಿನಲ್ಲಿ ಕೆಲಸ ಬಿಟ್ಟು ನಾಲ್ವರು ಹೆಂಗಸರು ಊರಿಗೆ ನಡೆದು ಹೋಗುತ್ತಿದ್ದರು. ಮುಂದೆ ಇದ್ದವಳು ಅವರ ಮೇಸ್ತ್ರಿ. ಸುಮಾರು ಐವತ್ತರ ಗಟ್ಟಿ ಹೆಂಗಸು, ಇಪ್ಪತ್ತು ಜನರ ಕುಯ್ಲು ಗುಂಪನ್ನು ನಡೆಸುವವಳು. ಗುಂಪಿನ ಫೋನು ಅವಳ ಹತ್ತಿರವೇ ಇರುತ್ತಿತ್ತು, ನಮ್ಮ ಪಟ್ಟಿಯಲ್ಲಿದ್ದದ್ದೂ ಅದೇ ನಂಬರು. ಕೆರೆಯ ಪಂಪ್‌ಹೌಸಿನ ತಿರುವಿನಲ್ಲಿ ಒಂಟಿ ಆನೆ ದಾರಿಗೆ ಅಡ್ಡವಾಗಿ ನಿಂತಿತ್ತು. ಇಪ್ಪತ್ತು ಹೆಜ್ಜೆಯೂ ಇರಲಿಲ್ಲವಂತೆ. ಮೇಸ್ತ್ರಿ ಹಿಂದಿದ್ದವರನ್ನು ಎರಡೂ ಕೈಯಿಂದ ಪಕ್ಕದ ಆಳವಾದ ಚರಂಡಿಗೆ ತಳ್ಳಿದಳು. ತಾನು ಇನ್ನೊಂದು ಬದಿಯ ಕಲ್ಲು ಗೋಡೆಯ ಮೇಲಿಂದ ಆಚೆಗೆ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು, ಪಕ್ಕೆಲುಬು ಎರಡು ಬಿರಿದವು. ಆನೆ ದಾರಿಯಲ್ಲೇ ಮುಂದೆ ಓಡಿ ಗದ್ದೆಗೆ ಇಳಿದು ಹೋಯಿತು. ನಾಲ್ವರೂ ಉಳಿದರು.

ಯಾರ ಫೋನಿಗೂ ಕರೆ ಬಂದಿರಲಿಲ್ಲ.

ಮರುದಿನ ಬೆಳಗ್ಗೆ ಅಧ್ಯಕ್ಷರು ನನಗೆ ಇಷ್ಟನ್ನೂ ಹೇಳಿ, "ಆ ಕಾವಲಿನೋನು ನಿನ್ನೆ ಯಾವಾಗ್ ಗುಂಡಿ ಒತ್ತಿದಾನೆ, ಒತ್ತಿದಾನೋ ಇಲ್ವೋ, ಅದೊಂದು ಪಟ್ಟಿ ಕಳ್ಸು ತಾಯಿ" ಎಂದರು. ನಾನು ಪಟ್ಟಿ ತೆಗೆದು ಕಳಿಸಿದೆ. ಆ ದಿನ ಆ ಕಾವಲಿನಿಂದ ಒಂದೇ ಸಲ ಗುಂಡಿ ಒತ್ತಲಾಗಿತ್ತು. ಅದರ ಮುಂದೆ 11:10 ಎಂದಿತ್ತು. ಹೆಂಗಸು ಹೇಗಿದ್ದಾಳೋ ಎಂಬ ಯೋಚನೆಯಲ್ಲಿ ನಾನು ಆ ಅಂಕಿಯನ್ನು ಕಣ್ಣಿನಿಂದ ನೋಡಿದೆನೇ ಹೊರತು ಓದಲಿಲ್ಲ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕಾವಲಿನವನೇ ನಮ್ಮ ಮನೆಗೆ ಬಂದ. ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಅರುವತ್ತರ ಹತ್ತಿರದ ಮನುಷ್ಯ. ಹಿಂದೆ ಒಂದು ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದವನು, ಕಾಲು ನೋವೆಂದು ಅದನ್ನು ಬಿಟ್ಟು ಗುಡ್ಡದ ಮೇಲಿನ ಬಂಡೆಯ ಹತ್ತಿರ ಅಟ್ಟಣೆಯಲ್ಲಿ ಕೂರುವ ಈ ಕೆಲಸ ಹಿಡಿದಿದ್ದ. ಫೋನಿನಲ್ಲಿ ಗುಂಡಿ ಒತ್ತುವುದನ್ನು ಅವನಿಗೆ ಹೇಳಿಕೊಟ್ಟವಳು ನಾನೇ. ಜಗಲಿಯ ಮೇಲೆ ಕೂತು, ನೀರು ಕುಡಿದು, ಫೋನನ್ನು ನನ್ನ ಕೈಗೆ ಕೊಟ್ಟ.

"ನಾನ್ ಒತ್ತಿದೀನಿ ಕಣವ್ವ. ನೋಡು ಇದ್ರಲ್ಲಿ. ಒತ್ತಿದ್ ಮೇಲೆ ಹಸುರು ಬಂತು, ಕಳಿಸಿದೆ ಅಂತ ಬಂತು."

"ಎಷ್ಟೊತ್ತಿಗೆ ಒತ್ತಿದ್ರಿ?"

"ಕೆಲ್ಸ ಬಿಡೋ ಗಂಟೆ ಹೊಡೀತಲ್ಲ ಎಸ್ಟೇಟಲ್ಲಿ, ನಾಲ್ಕೂವರೆಗೆ? ಅದು ಹೊಡ್ದು ಹತ್ತು ನಿಮಿಷ ಆಗಿತ್ತೇನೋ. ಅದು ಕೆರೆ ಕಡೀಗೆ ಇಳೀತಾ ಇತ್ತು. ಅವ್ರು ನಂಬ್ತಾ ಇಲ್ಲ ಕಣವ್ವ. ಬೆಳಿಗ್ಗೆ ಹನ್ನೊಂದು ಗಂಟೇಲಿ ಸುಮ್ನೆ ಒತ್ತಿದೀಯ, ಸಾಯಂಕಾಲ ಮಲಕ್ಕಂಡಿದ್ದೆ ಅಂತವ್ರೆ. ಕಾಗ್ದದಲ್ಲಿ ಹಂಗೇ ಐತಂತೆ. ನಾಳೆ ಮೀಟಿಂಗ್ ಮಡಗವ್ರೆ, ಕೆಲಸದಿಂದ ತೆಗೀತಾರಂತೆ."

ಅವನು ಕೋಪದಿಂದ ಮಾತಾಡಲಿಲ್ಲ. ಕೆಲಸ ಹೋಗುವುದಕ್ಕಿಂತ, ಆ ಹೆಂಗಸಿನ ಮನೆಯವರು ತನ್ನನ್ನು ಹೇಗೆ ನೋಡಿದರು ಎಂಬುದನ್ನೇ ಎರಡು ಸಲ ಹೇಳಿದ. ಬೆಳಗ್ಗೆ ಅವಳನ್ನು ನೋಡಿಕೊಂಡು ಬರಲು ಆಸ್ಪತ್ರೆಗೆ ಹೋಗಿದ್ದನಂತೆ. ಅವಳ ಮಗ ಬಾಗಿಲಿನಿಂದಲೇ ವಾಪಸು ಕಳಿಸಿದನಂತೆ.

ನಾನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. 11:10 ಅಲ್ಲಿತ್ತು. ಅದಕ್ಕೆ ಐದೂವರೆ ಕೂಡಿಸಿದೆ. ನಾಲ್ಕು ನಲವತ್ತು. ನಾಲ್ಕೂವರೆಯ ಗಂಟೆ ಹೊಡೆದು ಹತ್ತು ನಿಮಿಷ ಎಂದಿದ್ದ, ನಿಮಿಷವೂ ಆಚೀಚೆ ಆಗಿರಲಿಲ್ಲ. ಗುಂಡಿ ಒತ್ತಿದ ಗಳಿಗೆಗಳನ್ನು ನಮ್ಮ ಪ್ರೋಗ್ರಾಮ್ ವಿಶ್ವ ಸಮಯದಲ್ಲಿ ಕೂಡಿಡುತ್ತದೆ. ಅದು ಸರಿಯಾದ ಪದ್ಧತಿಯೇ, ಕರೆಯ ದನಿಗೆ ಮಾತ್ರ ಅದನ್ನು ನಮ್ಮ ಸಮಯಕ್ಕೆ ತಿರುಗಿಸಿ ಕೊಡುತ್ತದೆ. ಕೂಡಿಟ್ಟ ಕಡೆ ಪ್ರತಿ ವೇಳೆಯ ಕೊನೆಗೂ ಇದು ವಿಶ್ವ ಸಮಯ ಎಂದು ತೋರಿಸುವ ಒಂದು ಅಕ್ಷರ ಇರುತ್ತದೆ. ಮುದ್ರಿಸುವ ಪಟ್ಟಿಯಲ್ಲಿ ಅಂದವಾಗಿ ಕಾಣಲಿ ಎಂದು ಆ ಅಕ್ಷರವನ್ನು ತೆಗೆದುಹಾಕಿದ್ದವಳೂ ನಾನೇ.

ಹಾಗಾದರೆ ಕರೆ ಯಾಕೆ ಹೋಗಲಿಲ್ಲ? ಕರೆಗಳ ದಾಖಲೆ ತೆಗೆದೆ. ಸುದ್ದಿ ಬಂದಿತ್ತು. ಅದರ ಪಕ್ಕದಲ್ಲಿ ಮೌನದ ಹೊತ್ತು, ತಡೆಹಿಡಿಯಲಾಗಿದೆ ಎಂದಿತ್ತು. ಮೂರು ಗಂಟೆ ಕಳೆದ ಮೇಲೆ ಹಳಸಿದ ಸುದ್ದಿ ಎಂದು ಅದನ್ನು ಎಸೆಯಲಾಗಿತ್ತು. ಸೆಟ್ಟಿಂಗ್ಸ್ ಫೈಲು ತೆರೆದೆ. 16:00, 23:30. ಆ ಅಂಕಿಗಳನ್ನು ಗುರುತಿಸಲು ನನಗೆ ಎರಡು ಕ್ಷಣ ಹಿಡಿಯಿತು.

ಹಾಸನದ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವ ಸಹೋದ್ಯೋಗಿಗೆ ಫೋನು ಮಾಡಿದೆ. ನನ್ನದೇ ವಯಸ್ಸಿನವನು, ಕೆಲಸದಲ್ಲಿ ಅಚ್ಚುಕಟ್ಟು.

"ಸರ್ವರ್ ಏನಾದ್ರೂ ಬದಲಾಯಿಸಿದ್ರಾ?"

"ಹೌದು, ಶುಕ್ರವಾರ ಹೊಸದಕ್ಕೆ ಹಾಕ್ದೆ. ಮೇಲ್ ಕಳ್ಸಿದ್ನಲ್ಲ. ಹಳೇದು ಗ್ರೀನಿಚ್ ಟೈಮಲ್ಲಿ ಓಡ್ತಿತ್ತು, ಆವಾಗ ರಾತ್ರಿ ಕರೆ ಬಂತು ಅಂತ ನೀವು ಒದ್ದಾಡಿದ್ರಿ ನೋಡಿ. ಅದಕ್ಕೇ ಇದನ್ನ ಇಂಡಿಯಾ ಟೈಮಿಗೇ ಸೆಟ್ ಮಾಡ್ದೆ. ಯಾಕೆ?"

ಅವನು ಮಾಡಿದ್ದು ಉಪಕಾರ. ಗಡಿಯಾರ ಸರಿಹೋಗಿತ್ತು, ಅದರ ತಪ್ಪಿಗೆ ಹೊಂದಿಸಿ ನಾನು ಬರೆದ ಅಂಕಿಗಳು ಹಾಗೇ ಉಳಿದಿದ್ದವು. ಶುಕ್ರವಾರದಿಂದ ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದೂವರೆಯವರೆಗೆ ನಮ್ಮ ವ್ಯವಸ್ಥೆ ಬಾಯಿ ಮುಚ್ಚಿಕೊಂಡು ಕೂತಿತ್ತು, ಜನ ತೋಟದಿಂದ ಮನೆಗೆ ನಡೆಯುವ ಹೊತ್ತಿನಲ್ಲಿ. ನಾಲ್ಕು ದಿನ ಆನೆಗಳು ಬೇರೆ ಕಡೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ರಾತ್ರಿ ಫೋನು ಬಡಿದುಕೊಂಡರೆ ಬೆಳಗ್ಗೆಯೇ ದೂರು ಬರುತ್ತದೆ. ಬಾರದೆ ಹೋದ ಕರೆಯ ಬಗ್ಗೆ ಯಾರು ದೂರು ಹೇಳುತ್ತಾರೆ?

ಮೊದಲು ಅಂಕಿ ತಿದ್ದಿದೆ. ನನ್ನ ನಂಬರಿಗೆ ಪರೀಕ್ಷೆಯ ಕರೆ ತರಿಸಿಕೊಂಡೆ. ನನ್ನ ದನಿಯೇ ನನಗೆ ಆನೆ ಬಂದಿದೆ ಎಂದಿತು. ಆಮೇಲೆ ಮತ್ತೆ ಸಹೋದ್ಯೋಗಿಯ ಹತ್ತಿರ ಮಾತಾಡಿದೆ. ಅವನಿಗೂ ಅಷ್ಟರಲ್ಲಿ ಗೊತ್ತಾಗಿತ್ತು, ದನಿ ಇಳಿದಿತ್ತು.

"ತಾಂತ್ರಿಕ ತೊಂದರೆ ಆಗಿತ್ತು, ಸರಿಯಾಗಿದೆ ಅಂತ ಬರೆದು ಕಳಿಸೋಣ. ಅಷ್ಟು ಸಾಕು. ಸುಳ್ಳೇನಲ್ವಲ್ಲ ಅದು" ಎಂದ.

ಸುಳ್ಳಲ್ಲ ನಿಜ. ಒಂದೈದು ನಿಮಿಷ ನಾನೂ ಅದನ್ನೇ ಬರೆಯುವ ಮನಸ್ಸು ಮಾಡಿದ್ದೆ, ವಾಕ್ಯ ಕೂಡ ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ. ಆದರೆ ಅಂಥ ಕಾಗದ ಹೋದರೆ ಕಾವಲಿನವನ ಹನ್ನೊಂದು ಹತ್ತು ಹಾಗೇ ಉಳಿಯುತ್ತದೆ. ಯಂತ್ರವೂ ಕೆಟ್ಟಿತ್ತು, ಅವನೂ ಮಲಗಿದ್ದ ಎಂದಾಗುತ್ತದೆ. ಹೊರಗೆ ಜಗಲಿಯಲ್ಲಿ ಅವನು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಎದ್ದು ಹೊರಗೆ ಹೋಗಿ ಅವನ ಎದುರು ಕೂತು, ಆದದ್ದನ್ನೆಲ್ಲ ಹೇಳಿದೆ. ಗ್ರೀನಿಚ್ಚು, ಸರ್ವರು ಎಲ್ಲವೂ ಅವನಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡ.

"ಹಂಗಾದ್ರೆ ನಾನ್ ಒತ್ತಿದ್ದು ನಾಲ್ಕು ನಲ್ವತ್ತಕ್ಕೇನೆ."

"ನಾಲ್ಕು ನಲವತ್ತಕ್ಕೇ. ತಪ್ಪು ನಂದು."

ಅವನು ತನ್ನ ಫೋನನ್ನು ವಾಪಸು ತೆಗೆದುಕೊಂಡ. ಆಮೇಲೆ, "ಇದನ್ನ ನಾಳೆ ಅಲ್ಲಿ ಬಂದು ಹೇಳ್ತೀಯಾ? ನಾನ್ ಹೇಳಿದ್ರೆ ಯಾರೂ ಕೇಳಲ್ಲ" ಎಂದ.

ಬರುತ್ತೇನೆ ಎಂದೆ. ನಾಲ್ಕು ಗಂಟೆಯ ಬಸ್ಸಿಗೆ ಅವನನ್ನು ಸ್ಕೂಟರಿನಲ್ಲಿ ಬಿಟ್ಟು ಬಂದೆ.

ಮೀಟಿಂಗು ಅಧ್ಯಕ್ಷರ ತೋಟದ ಸ್ಟೋರಿನ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ. ಹದಿನೈದು ಜನ ಇದ್ದರು. ಒಣಗಲು ಹಾಕಿದ್ದ ಹಣ್ಣನ್ನು ಒಂದು ಬದಿಗೆ ಎಳೆದು ಕುರ್ಚಿ ಹಾಕಿದ್ದರು. ಕಾವಲಿನವನಿಗೂ ಒಂದು ಕುರ್ಚಿ ಇತ್ತು, ಅವನು ಕೂತಿರಲಿಲ್ಲ. ಅಧ್ಯಕ್ಷರ ಕೈಯಲ್ಲಿ ನಾನು ಕಳಿಸಿದ ಪಟ್ಟಿಯ ಪ್ರತಿ.

ಹಿಂದಿನ ರಾತ್ರಿಯೆಲ್ಲ ಹೇಗೆ ಹೇಳಬೇಕೆಂದು ಯೋಚಿಸಿದ್ದೆ. ಭೂಗೋಳದ ಪಾಠ ಮಾಡಿದರೆ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಹಾಗಾಗಿ ಕಾವಲಿನವನ ಫೋನನ್ನು ಅಧ್ಯಕ್ಷರಿಗೆ ಕೊಟ್ಟು, ಗುಂಡಿಯನ್ನು ನೀವೇ ಒತ್ತಿ ಎಂದೆ. ಕರೆ ಯಾರಿಗೂ ಹೋಗದಂತೆ ಮೊದಲೇ ಮಾಡಿಟ್ಟಿದ್ದೆ. ಒತ್ತಿದರು. ನಾನು ಅಲ್ಲೇ ಪಟ್ಟಿ ತೆಗೆದು ನನ್ನ ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದೆ.

"ಈಗ ಎಷ್ಟು ಗಂಟೆ ಸಾರ್?"

ಅವರು ಕೈಗಡಿಯಾರ ನೋಡಿದರು. "ಮೂರೂ ಇಪ್ಪತ್ತು."

"ಪಟ್ಟಿ ಎಷ್ಟು ಅಂತೈತೆ ನೋಡಿ."

"ಒಂಬತ್ತು ಐವತ್ತು" ಎಂದು ಓದಿದರು. ಪಕ್ಕದವರು ಬಗ್ಗಿ ನೋಡಿದರು. ಕಂಪ್ಯೂಟರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಒಬ್ಬರು ಬೆರಳು ಮಡಚಿ ಎಣಿಸಿ, "ಐದೂವರೆ ಗಂಟೆ ಫರಕು" ಎಂದರು. ಅಧ್ಯಕ್ಷರು ಕೈಯಲ್ಲಿದ್ದ ಕಾಗದದ ಹನ್ನೊಂದು ಹತ್ತನ್ನು ನೋಡಿದರು, ಕಾವಲಿನವನನ್ನು ನೋಡಿದರು.

"ಹಂಗಾದ್ರೆ ಮಿಷಿನ್ನು ಕೆಟ್ಟಿತ್ತು ಅನ್ನಿ" ಎಂದರು ಯಾರೋ.

ಕೆಟ್ಟಿರಲಿಲ್ಲ, ಎಂದೆ. ಬರೆದದ್ದನ್ನು ಓದಿ ಅದರಂತೆ ನಡೆಯಿತು, ಬರೆದವಳು ನಾನು, ವೇಳೆ ಬರೆದು ಎಲ್ಲಿಯ ವೇಳೆ ಎಂದು ಬರೆಯಲಿಲ್ಲ, ಆಮೇಲೆ ತಪ್ಪನ್ನು ತಪ್ಪಿನಿಂದಲೇ ತಿದ್ದಿದೆ, ಯಾರಿಗೂ ಹೇಳಲೂ ಇಲ್ಲ. ಕುಂದೂರಿನ ಕಡೆಯ ಬೆಳೆಗಾರರೊಬ್ಬರು ಎದ್ದು ನಿಂತರು.

"ಆವಮ್ಮ ಸತ್ಹೋಗಿದ್ರೆ ಏನ್ ಹೇಳ್ತಿದ್ರಿ?"

ಅವರು ಒಂದು ನಿಮಿಷ ನಿಂತಿದ್ದು ಕೂತರು.

ಕೆಲಸವನ್ನು ಬೇರೆ ಕಂಪನಿಗೆ ಕೊಡುವ ಮಾತು ಬಂತು, ಮುಂದಿನ ತಿಂಗಳವರೆಗೆ ನೋಡೋಣ ಎಂದಾಯಿತು. ಕೊನೆಗೆ ಅಧ್ಯಕ್ಷರು ಕಾವಲಿನವನ ಕಡೆ ತಿರುಗಿ, "ತಪ್ಪು ತಿಳ್ಕಂಡ್ಬುಟ್ವಿ ಮಾರಾಯ. ನಾಳೆಯಿಂದ ಬಾ" ಎಂದರು.

"ನಾಡಿದ್ದು ಬತ್ತೀನಿ" ಎಂದ ಅವನು.

ಆಗ ಕುರ್ಚಿಯ ಮೇಲೆ ಕೂತ.

ಮೇಸ್ತ್ರಿಯನ್ನು ನೋಡಲು ಹೋಗುವುದು ಮೀಟಿಂಗಿಗಿಂತ ಕಷ್ಟವಿತ್ತು. ನಾಲ್ಕು ದಿನ ಮುಂದೂಡಿದೆ. ಅವಳನ್ನು ಸಕಲೇಶಪುರದ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಮಗ ಬಾಗಿಲಲ್ಲಿ ನಿಂತು ನಾನು ಯಾರೆಂದು ಕೇಳಿದ. ಹೇಳುವಷ್ಟರಲ್ಲಿ ಒಳಗಿನಿಂದ ಅವಳೇ, "ಅದು ಫೋನಿನಮ್ಮನ ದನಿ ಅಲ್ವೇನೋ, ಬಿಡು ಒಳೀಕ್ಕೆ" ಎಂದಳು.

ಗೋಡೆಗೆ ದಿಂಬು ಒರಗಿಸಿ ಕೂತಿದ್ದಳು. ಬಲಗೈಗೆ ಮೊಣಕೈವರೆಗೆ ಪಟ್ಟಿ. ಜೋರಾಗಿ ಉಸಿರೆಳೆದರೆ ಪಕ್ಕೆ ಹಿಡಿಯುತ್ತಿತ್ತು. ನಾನು ತಂದಿದ್ದ ಕಿತ್ತಳೆಯನ್ನು ಮಗನ ಕೈಗೆ ಕೊಟ್ಟು, ಚಾಪೆಯ ಮೇಲೆ ಕೂತು, ಹೇಳಬೇಕಾದ್ದನ್ನು ಹೇಳಿದೆ. ಮೂರನೆಯ ಸಲ ಹೇಳುತ್ತಿದ್ದೆ, ಆದರೂ ಸುಲಭವಾಗಿರಲಿಲ್ಲ. ಮಗ ನನ್ನನ್ನು ನೋಡದೆ ಹೊರಗೆ ಹೋದ.

"ಅದ್ಯಾರ್ದು ಆ ಐದೂವರೆ ಗಂಟೆ?" ಎಂದು ಕೇಳಿದಳು ಮೇಸ್ತ್ರಿ.

"ಇಂಗ್ಲೆಂಡಿಂದು ಅಕ್ಕ. ಪ್ರಪಂಚದ ಕಂಪ್ಯೂಟ್ರೆಲ್ಲ ಆ ಲೆಕ್ಕ ಇಟ್ಕಂತವೆ."

"ಅಲ್ಲಿ ನಮ್ಮೋರು ಯಾರವ್ರೆ? ಬೆಳಗೋಡಲ್ಲಿ ಆನೆ ಬಂದ್ರೆ ಇಂಗ್ಲೆಂಡಿನ ಗಂಟೆ ನೋಡೋದೇನು?"

ಎಲ್ಲರೂ ಒಂದೇ ಗಡಿಯಾರ ಇಟ್ಟುಕೊಂಡರೆ ಗಲಿಬಿಲಿಯಾಗುವುದಿಲ್ಲ ಎಂದು ಹೇಳಲು ಹೋದೆ. ಹೇಳುತ್ತಿದ್ದಂತೆ ಅದು ನನಗೇ ವಿಚಿತ್ರವಾಗಿ ಕೇಳಿಸಿತು. ಅವಳು ನಕ್ಕಳು, ಪಕ್ಕೆ ಹಿಡಿದುಕೊಂಡು ನಿಲ್ಲಿಸಿದಳು. ನನ್ನ ಮೇಲೆ ಕೋಪವಿದೆಯೇ ಎಂದು ಕೇಳಿದೆ.

"ಇತ್ತು. ಆವಯ್ಯನ ಮೇಲಿತ್ತು ಇಷ್ಟ್ ದಿನ. ನನ್ ಮಗ ಅವನ್ನ ಬಾಗ್ಲಿಂದ ಕಳ್ಸ್‌ಬುಟ್ಟ. ಈಗ ಅದನ್ನ ತಗಂಡೋಗಿ ನಿನ್ ಮೇಲೆ ಹಾಕ್ಲಾ?" ಎಂದು ಎಡಗೈಯಿಂದ ದಿಂಬು ಸರಿಮಾಡಿಕೊಂಡು, "ಒಂಚೂರು ಐತೆ. ಹೋಗ್ತದೆ" ಎಂದಳು.

ಆಮೇಲೆ ಅವಳು ಹೇಳಿದ ಒಂದು ಮಾತು ನನಗೆ ಬಹಳ ಉಪಯೋಗವಾಯಿತು. "ನಿನ್ ಫೋನಲ್ಲಿ ನಾಲ್ಕು ನಲ್ವತ್ತಕ್ಕೆ ಕಂಡಿತು ಅಂತ ಹೇಳ್ತೀಯಲ್ಲ, ಅದ್ಯಾಕಂಗೆ? ತಲೆ ಮೇಲೆ ಮೂಟೆ ಇರ್ತದೆ. ಮೂಟೆ ಇಳ್ಸಿ, ಈಗೆಷ್ಟಾಯ್ತು ಅಂತ ನೋಡಿ, ಕಳ್ದು ತೆಗೀಬೇಕು. ಅಷ್ಟ್ರಲ್ಲಿ ಅದು ಎಲ್ಲಿಗೋ ಬಂದಿರ್ತದೆ. ಕಂಡು ಎಷ್ಟೊತ್ತಾಯ್ತು ಅಂತ ಹೇಳ್ಸು. ಹತ್ತು ನಿಮಿಷ ಆಯ್ತು, ಅರ್ಧ ಗಂಟೆ ಆಯ್ತು, ಹಂಗೆ. ನಮ್ಗೆ ಬೇಕಾಗಿರೋದು ಅಷ್ಟೇಯ."

ಇನ್ನೊಂದನ್ನೂ ಹೇಳಿದಳು. ಕೆಲಸ ಬಿಡುವುದಕ್ಕೆ ಮುಂಚೆ ದಿನಾ ಒಂದು ಸಲ ಕರೆ ಬರಲಿ, ಆನೆ ಇರಲಿ ಇಲ್ಲದಿರಲಿ. ಬಂದರೆ ಎಲ್ಲ ಸರಿಯಿದೆ ಎಂದು ತಿಳಿಯುತ್ತದೆ, ಬಾರದಿದ್ದರೆ ನಾವೇ ಹುಷಾರಾಗಿರುತ್ತೇವೆ.

ಆ ತಿಂಗಳೆಲ್ಲ ಅದೇ ಕೆಲಸ ಮಾಡಿದೆ. ಕೂತು ಯೋಚಿಸಿದಾಗ ತಿಳಿದದ್ದು, ನಾನು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಎಂದುಕೊಂಡಿದ್ದೆ. ಆನೆ ಕಂಡದ್ದು ಒಂದು ಗಳಿಗೆ. ಅದು ಆಗಿಹೋಯಿತು, ಅದನ್ನು ವಿಶ್ವ ಸಮಯದಲ್ಲಿ ಕೂಡಿಟ್ಟರೆ ಯಾವ ಸರ್ವರಿಗೆ ಹೋದರೂ ಬದಲಾಗುವುದಿಲ್ಲ. ರಾತ್ರಿ ಒಂಬತ್ತೂವರೆಗೆ ಸುಮ್ಮನಿರು ಎಂಬುದು ಗಳಿಗೆಯಲ್ಲ, ಈ ಊರಿನ ಒಂದು ನಿಯಮ. ಅದನ್ನು ಊರಿನ ಗಡಿಯಾರದಲ್ಲೇ ಬರೆಯಬೇಕು, ಯಾವ ದೇಶದ ಗಡಿಯಾರ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಬೇಕು. ಈಗ ನಮ್ಮ ಫೈಲಿನಲ್ಲಿ ಹಾಗೇ ಇದೆ. ವೇಳೆ ಬರೆದು ದೇಶ ಬರೆಯದಿದ್ದರೆ ಪ್ರೋಗ್ರಾಮ್ ಶುರುವೇ ಆಗುವುದಿಲ್ಲ, ಯಾವ ಸಾಲಿನಲ್ಲಿ ಏನು ಬಿಟ್ಟಿದ್ದೀರಿ ಎಂದು ಹೇಳಿ ನಿಲ್ಲುತ್ತದೆ. ಕರೆ ತಡೆಹಿಡಿಯಲಾಗಿದ್ದರೆ ಕಾವಲಿನವನ ಫೋನಿನಲ್ಲಿ ಹಸುರು ಬರುವುದಿಲ್ಲ, ಹಳದಿ ಬರುತ್ತದೆ. ಮುದ್ರಿಸಿದ ಪಟ್ಟಿಯಲ್ಲಿ ಪ್ರತಿ ವೇಳೆಯ ಮುಂದೆ ಭಾರತದ ಸಮಯ ಎಂದು ಪೂರ್ತಿ ಬರೆದಿರುತ್ತದೆ. ನೋಡಲು ಅಂದವಾಗಿಲ್ಲ.

ಹತ್ತು ನಿಮಿಷದ ಹಿಂದೆ, ಕಾಲು ಗಂಟೆಯ ಹಿಂದೆ, ಅರ್ಧ ಗಂಟೆಯ ಹಿಂದೆ ಎಂದು ಮತ್ತೆ ದನಿ ಕೊಟ್ಟೆ. ಅಡುಗೆಮನೆಯ ಬಾಗಿಲು ಹಾಕಿ, ಹೊರಗೆ ಕೋಳಿ ಕೂಗದ ಹೊತ್ತು ನೋಡಿ, ಒಂದೊಂದನ್ನೂ ಐದಾರು ಸಲ ಹೇಳಿದೆ. ಪರೀಕ್ಷೆಯ ಕರೆಯನ್ನು ನಾಲ್ಕು ಗಂಟೆಗೆ ಇಟ್ಟೆವು. ಮೊದಲ ವಾರ ಎರಡು ಸಲ ಅದು ಬರಲಿಲ್ಲ, ಎರಡು ಸಲವೂ ನಾಲ್ಕೂ ಐದಕ್ಕೆಲ್ಲ ಬೇರೆ ಬೇರೆ ಗುಂಪಿನವರು ನನಗೆ ಫೋನು ಮಾಡಿದರು. ಸಂಘ ಕೆಲಸವನ್ನು ನಮ್ಮಲ್ಲೇ ಉಳಿಸಿತು. ಕುಂದೂರಿನ ಆ ಬೆಳೆಗಾರರು ಇವತ್ತಿಗೂ ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ.

ಮೇಸ್ತ್ರಿಯ ಮಣಿಕಟ್ಟು ನೇರವಾಗಿ ಕೂಡಲಿಲ್ಲ. ಸ್ವಲ್ಪ ಒಳಗೆ ಬಾಗಿಕೊಂಡೇ ಉಳಿಯಿತು. ಅಕ್ಕಿ ಚೀಲ ಎತ್ತಲು ಆಗುವುದಿಲ್ಲ, ಬಟ್ಟೆ ಹಿಂಡಲು ಆಗುವುದಿಲ್ಲ. ಕುಯ್ಲು ಎಡಗೈಯಲ್ಲಿ. ಮುಂದಿನ ಅರೇಬಿಕಾ ಕುಯ್ಲಿಗೆ ಅವಳು ಮತ್ತೆ ಗುಂಪು ಕಟ್ಟಿಕೊಂಡು ಬಂದಳು. ಕರೆ ತೋಟದ ಯಾವ ಮೂಲೆಯಲ್ಲಿ ಸಿಗುತ್ತದೆ, ಯಾವ ಮೂಲೆಯಲ್ಲಿ ಸಿಗುವುದಿಲ್ಲ ಎಂದು ನೋಡಲು ನಾನು ಒಂದು ದಿನ ಬೆಳಗ್ಗೆ ಅವರ ಜೊತೆ ಹೋದೆ. ಸುಮ್ಮನೆ ನಿಂತು ಏನು ಮಾಡುತ್ತೀಯ ಎಂದು ಸೊಂಟಕ್ಕೆ ಒಂದು ಚೀಲ ಕಟ್ಟಿಸಿದಳು. ಮುಂಜಾವಿನ ಇಬ್ಬನಿಗೆ ಗಿಡವೆಲ್ಲ ಒದ್ದೆ, ಅರ್ಧ ಗಂಟೆಯಲ್ಲಿ ತೋಳು ನೆನೆದು ಹೋಯಿತು. ನನ್ನ ಚೀಲ ತುಂಬುವಷ್ಟರಲ್ಲಿ ಅವಳು ಒಂದೇ ಕೈಯಲ್ಲಿ ಎರಡು ತುಂಬಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು, ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರದ್ದು, ಆಮೇಲೆ ನನ್ನದು. ಮೂರು ಆನೆ, ಮೇಲಿನ ಬಂಡೆಯ ಕಡೆಯಿಂದ, ಕಂಡು ಹತ್ತು ನಿಮಿಷ. ಯಾರೂ ಓಡಲಿಲ್ಲ. ಕುಯ್ದದ್ದನ್ನು ಅಲ್ಲೇ ಬಿಟ್ಟು ಎಲ್ಲರೂ ಸ್ಟೋರಿನ ಒಳಗೆ ಹೋಗಿ ಮೂಟೆಗಳ ಮೇಲೆ ಕೂತೆವು. ಮೇಸ್ತ್ರಿ ತಲೆ ಎಣಿಸಿ ಬಾಗಿಲು ಎಳೆದುಕೊಂಡಳು. ಒಬ್ಬಳು ಎಲೆ ಅಡಿಕೆ ತೆಗೆದಳು. ಮುಕ್ಕಾಲು ಗಂಟೆಯ ನಂತರ ಕಾವಲಿನವನೇ ಗುಡ್ಡದಿಂದ ಫೋನು ಮಾಡಿ, ಕೆರೆ ದಾಟಿ ಆಚೆ ಹೋದವು ಎಂದ. ಹೊರಗೆ ಬಂದಾಗ ಬಿಸಿಲು ಏರಿತ್ತು. ಕೆಳಗಿನ ಸಾಲಿನ ನಾಲ್ಕು ಗಿಡ ಮುರಿದಿದ್ದವು. ಯಾರ ಸಾಲು ಯಾವುದೆಂದು ಅಲ್ಲೊಂದು ಸಣ್ಣ ಜಗಳವಾಯಿತು, ಮೇಸ್ತ್ರಿ ನಡುವೆ ಬಂದು ನಿಲ್ಲಿಸಿದಳು. ಊಟದ ಹೊತ್ತಿನವರೆಗೆ ಕುಯ್ದೆವು.